ಕೋಲಿನ ದನಿಯಿಂದ ದಾರಿಯನ್ನರಿತ ಜೇಮ್ಸ್ ಹೋಲ್ಮನ್ (1786–1857)

ಪ್ರತಿ ವರ್ಷ ಅಕ್ಟೋಬರ್ 15ರಂದು ಬಿಳಿ ಕೋಲಿನ ದಿನವನ್ನು ಆಚರಿಸಲಾಗುತ್ತದೆ. 1964ರಲ್ಲಿ ಅಮೆರಿಕ ದೇಶದಲ್ಲಿ ಅಧಿಕೃತವಾಗಿ ಘೋಷಿಸಲ್ಪಟ್ಟ ಈ ದಿನಾಚರಣೆಯು ತರುವಾಯ ನಮ್ಮ ದೇಶವೂ ಸೇರಿದಂತೆ ಅನೇಕ ದೇಶಗಳಲ್ಲಿ ರೂಢಿಗೆ ಬಂದಿದೆ. ಕಾಕತಾಳೀಯವೆಂಬಂತೆ, ಕೈಯಲ್ಲೊಂದು ಕೋಲನ್ನು ಹಿಡಿದು ಭೂಮಂಡಲವನ್ನೇ ಸುತ್ತಿದ ಅಂಧ ಪ್ರವಾಸಿ ಜೇಮ್ಸ್ ಹೋಲ್ಮನ್ ಅವರು ಜನಿಸಿದ್ದೂ ಅಕ್ಟೋಬರ್ 15ರಂದೇ, 1786ನೇ ಇಸವಿಯಲ್ಲಿ. ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಸಾಧನ ಸಲಕರಣೆಗಳಿಗಾಗಿ ಅರ್ಜಿ ಸಲ್ಲಿಸುವ ದೃಷ್ಟಿ ವಿಕಲಚೇತನರ ಹಾಗೂ ಅವರ ಕುಟುಂಬದವರ ಮಾಹಿತಿಗಾಗಿ ಅವರ ಜೀವನ ವೃತ್ತಾಂತವನ್ನು ಇಲ್ಲಿ ನೀಡಲಾಗಿದೆ.

ಸಮುದ್ರದಾಚೆಯ ವ್ಯಕ್ತಿಯೊಬ್ಬರ ಚರಿತ್ರೆಯು ಅರ್ಜಿದಾರರಿಗೆ ಏತಕ್ಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಬಿಳಿ ಕೋಲನ್ನು ಪಡೆಯಲು ಬರುವವರಲ್ಲಿ ಹೆಚ್ಚಿನವರು ಅಂಧರಲ್ಲ, ಅವರ ಬಂಧುಗಳು. ಅರ್ಜಿಯೂ ಪ್ರಮಾಣಪತ್ರವೂ ಕ್ರಮಬದ್ಧವಾಗಿರುತ್ತವೆ. ಕೋಲು ಮನೆಗೆ ಹೋಗುತ್ತದೆ. ಅನೇಕ ಮನೆಗಳಲ್ಲಿ ಅದು ಜಗಲಿಯ ಗೋಡೆಯ ಮೊಳೆಗೆ ತೂಗುಬಿದ್ದು ಅಲ್ಲಿಯೇ ಉಳಿಯುತ್ತದೆ. ಕೋಲೆಂದರೆ ಕಲ್ಲು ಕೊರಕಲುಗಳನ್ನು ಮುಟ್ಟಿ ನೋಡುವ ಸಾಧನ, ಇಲ್ಲವೇ ತಾನು ಅಂಧನೆಂದು ಪರರಿಗೆ ಸಾರುವ ಗುರುತು ಎಂಬ ತಿಳಿವಳಿಕೆಯೇ ಇದಕ್ಕೆ ಬಹುಮಟ್ಟಿಗೆ ಕಾರಣವಾಗಿದೆ. ವಾಸ್ತವವಾಗಿ ಕೋಲು ಮುಟ್ಟುವ ಸಾಧನವಾಗಿರುವಷ್ಟೇ ಕೇಳುವ ಸಾಧನವೂ ಆಗಿದೆ. ಹೋಲ್ಮನ್ ಅವರ ಬಾಳು ಈ ಸಂಗತಿಗೆ ದೊರೆಯುವ ಅತ್ಯಂತ ಸ್ಪಷ್ಟವಾದ ನಿದರ್ಶನ.

ನಮ್ಮ ಸೀಮೆಯಲ್ಲಿ ಅಂಧರು ಮತ್ತು ನಾದ ಎಂದೊಡನೆ ನೆನಪಾಗುವುದು ಗದಗಿನ ವೀರೇಶ್ವರ ಪುಣ್ಯಾಶ್ರಮ. ನೆರೆಯ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಹಾಗೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ಇಬ್ಬರೂ ಸ್ವತಃ ಅಂಧರಾಗಿದ್ದು, ಅಸಂಖ್ಯಾತ ಅಂಧ ಮಕ್ಕಳಿಗೆ ಸಂಗೀತದ ಮೂಲಕ ಬದುಕು ಕಟ್ಟಿಕೊಟ್ಟುದು ಎಲ್ಲರಿಗೂ ತಿಳಿದ ವಿಷಯ. ಕಿವಿಯಿಂದ ಅನ್ನವನ್ನು ಗಳಿಸಬಹುದೆಂದು ಅವರು ತೋರಿಸಿಕೊಟ್ಟರು. ಕಿವಿಯಿಂದ ದಾರಿಯನ್ನು ಕಂಡುಕೊಳ್ಳುವುದು ಅದರ ಪಕ್ಕದಲ್ಲಿಯೇ ಇರುವ ಇನ್ನೊಂದು ವಿದ್ಯೆ. ಅದರ ವಿಚಾರದಲ್ಲಿ ಮೊದಲು ಹೆಸರಿಸಬೇಕಾದವರು ಹೋಲ್ಮನ್.

ಜೇಮ್ಸ್ ಹೋಲ್ಮನ್ ಅವರು ಇಂಗ್ಲೆಂಡಿನ ನೈಋತ್ಯ ಭಾಗದ ಎಕ್ಸೆಟರ್ ಪಟ್ಟಣದ ಔಷಧ ವ್ಯಾಪಾರಿಯೊಬ್ಬರ ಮಗ. 1798ರ ಡಿಸೆಂಬರ್ ತಿಂಗಳಿನಲ್ಲಿ, ತಮ್ಮ ಹನ್ನೆರಡನೆಯ ವಯಸ್ಸಿನಲ್ಲಿ, ಬ್ರಿಟಿಷ್ ನೌಕಾಪಡೆಗೆ ಸೇರಿದರು. ಆ ಕಾಲದಲ್ಲಿ ಅಷ್ಟು ಎಳೆಯ ವಯಸ್ಸಿಗೆ ಹಡಗು ಹತ್ತುವುದು ಅಪರೂಪವಾಗಿರಲಿಲ್ಲ. ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದ ವರ್ಷಗಳವು. 1807ರಲ್ಲಿ ಲೆಫ್ಟಿನೆಂಟ್ ಹುದ್ದೆಗೆ ಬಡ್ತಿ ದೊರೆಯಿತು. 1810ರಲ್ಲಿ ಗೆರಿಯರ್ ಎಂಬ ಹಡಗಿನಲ್ಲಿ ಅಮೆರಿಕ ಖಂಡದ ತೀರದಲ್ಲಿ ಸೇವೆ ಸಲ್ಲಿಸುತ್ತಿದ್ದಾಗ ಅವರಿಗೆ ಕೀಲುಗಳ ನೋವು ಆರಂಭವಾಯಿತು. ಕಾಯಿಲೆಯು ಕೀಲುಗಳಿಂದ ಕಣ್ಣುಗಳಿಗೆ ತಗುಲಿತು. ಚಿಕಿತ್ಸೆಗಳಾವುವೂ ಫಲಕಾರಿಯಾಗಲಿಲ್ಲ. ಇಪ್ಪತ್ತೈದನೆಯ ವಯಸ್ಸಿಗೆ ಎರಡೂ ಕಣ್ಣುಗಳ ದೃಷ್ಟಿ ಸಂಪೂರ್ಣವಾಗಿ ಮತ್ತು ಶಾಶ್ವತವಾಗಿ ನಷ್ಟವಾಯಿತು.

ಇಲ್ಲಿಂದ ಮುಂದಿನ ಭಾಗವನ್ನು ಕಚೇರಿಯ ವ್ಯವಹಾರ ಬಲ್ಲವರು ವಿಶೇಷವಾಗಿ ಗಮನಿಸಬಹುದು. ಸೇವೆಯಲ್ಲಿ ಆರೋಗ್ಯ ಕಳೆದುಕೊಂಡವರೆಂಬ ಕಾರಣಕ್ಕೆ 1812ರಲ್ಲಿ ಹೋಲ್ಮನ್ ಅವರನ್ನು ವಿಂಡ್ಸರ್‌ನ ನೌಕಾ ನೈಟ್‌ಗಳ ಪೈಕಿ ಒಬ್ಬರನ್ನಾಗಿ ನೇಮಿಸಲಾಯಿತು. ದಾನಿಯೊಬ್ಬರ ಉಯಿಲಿನಂತೆ ನಡೆಯುತ್ತಿದ್ದ ಈ ವ್ಯವಸ್ಥೆಯಲ್ಲಿ ಅಶಕ್ತರಾದ ಏಳು ಮಂದಿ ಲೆಫ್ಟಿನೆಂಟರಿಗೆ ವಿಂಡ್ಸರ್ ಅರಮನೆಯ ಬಳಿ ವಸತಿಯೂ ಜೀವಿತಾವಧಿಯ ವೇತನವೂ ದೊರೆಯುತ್ತಿದ್ದವು. ಪ್ರತಿಯಾಗಿ ಅವರು ಅವಿವಾಹಿತರಾಗಿರಬೇಕು, ಅಲ್ಲಿಯೇ ವಾಸಿಸಬೇಕು, ಪ್ರತಿದಿನ ಎರಡು ಬಾರಿ ಚರ್ಚಿನ ಪ್ರಾರ್ಥನೆಗೆ ಹಾಜರಾಗಬೇಕು ಎಂಬ ಷರತ್ತುಗಳಿದ್ದವು. ಯಾವ ಸೌಲಭ್ಯಕ್ಕೂ ಷರತ್ತು ಇರುವುದು ಸರಿಯೇ. ಷರತ್ತಿಲ್ಲದೆ ಲೆಕ್ಕಪತ್ರ ನಿಲ್ಲುವುದಿಲ್ಲ. ಆದರೆ ಈ ಷರತ್ತಿನ ಪರಿಣಾಮವೇನೆಂದರೆ, ಹಲವಾರು ವರ್ಷ ಸಮುದ್ರದ ಮೇಲೆ ಕಳೆದಿದ್ದ ಯುವಕನೊಬ್ಬನಿಗೆ ಪರಿಹಾರ ದೊರೆಯಬೇಕಾದರೆ ಆತನು ಉಳಿದ ಆಯುಷ್ಯವನ್ನೆಲ್ಲ ಕೋಣೆ ಮತ್ತು ಚರ್ಚಿನ ನಡುವಿನ ಕೆಲವೇ ಮಾರುಗಳಲ್ಲಿ ಕಳೆಯಬೇಕಾಗಿತ್ತು. ಅನ್ನ ಸಿಕ್ಕಿತು, ದಾರಿ ಮುಚ್ಚಿತು.

ವಿಂಡ್ಸರ್‌ನಲ್ಲಿ ಹೋಲ್ಮನ್ ಅವರ ಆರೋಗ್ಯ ದಿನೇ ದಿನೇ ಕುಗ್ಗಿತು. ಹೊರಗೆ ಸಂಚರಿಸಿದಾಗಲೆಲ್ಲ ಚೇತರಿಕೆ ಕಾಣುತ್ತಿತ್ತು. ಆರೋಗ್ಯದ ಕಾರಣದ ಮೇಲೆ ರಜೆ ಕೋರಿ ಅವರು ಮನವಿ ಸಲ್ಲಿಸಿದರು. ರಜೆ ಮಂಜೂರಾಯಿತು. ಮೊದಲಿಗೆ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ತೆರಳಿ ವೈದ್ಯಶಾಸ್ತ್ರ ಹಾಗೂ ಸಾಹಿತ್ಯದ ಉಪನ್ಯಾಸಗಳನ್ನು ಕೇಳಿದರು. ಬ್ರೈಲ್ ಲಿಪಿ ಇನ್ನೂ ಹುಟ್ಟಿರಲಿಲ್ಲ. ಅದನ್ನು ರೂಪಿಸಿದ ಲೂಯಿ ಬ್ರೈಲ್ ಜನಿಸಿದ್ದು 1809ರಲ್ಲಿ. ಆದುದರಿಂದ ವಿದ್ಯೆಯೆಲ್ಲವೂ ಕೇಳಿ ಕಲಿತದ್ದೇ.

1819ರ ಅಕ್ಟೋಬರ್ 15ರಂದು, ತಮ್ಮ ಮೂವತ್ತಮೂರನೆಯ ಹುಟ್ಟುಹಬ್ಬದ ದಿನ, ಡೋವರ್ ಬಂದರಿನಿಂದ ಅವರು ಒಬ್ಬರೇ ಫ್ರಾನ್ಸಿಗೆ ಹೊರಟರು. ಜೊತೆಗೆ ಆಳು ಇರಲಿಲ್ಲ. ಫ್ರೆಂಚ್ ಭಾಷೆ ಬರುತ್ತಿರಲಿಲ್ಲ. ಕೈಯಲ್ಲಿದ್ದುದು ಒಂದು ನಡೆಗೋಲು, ಅದರ ತುದಿಗೆ ಒನಕೆಗೆ ಹಾಕಿಸುವಂತಹ ಕಬ್ಬಿಣದ ಅಣಸು. ಮುಂದಿನ ಎರಡು ವರ್ಷಗಳಲ್ಲಿ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್, ಜರ್ಮನಿ, ಬೆಲ್ಜಿಯಂ ಮತ್ತು ಹಾಲೆಂಡ್ ದೇಶಗಳನ್ನು ಸುತ್ತಿ ಮರಳಿದರು. ದೀರ್ಘಕಾಲ ಗಾಡಿಯಲ್ಲಿ ಕುಳಿತು ಮೈ ಜಡವಾದಾಗ ಕೆಳಗಿಳಿದು, ಗಾಡಿಗೆ ಕಟ್ಟಿದ ಹಗ್ಗದ ತುದಿಯನ್ನು ಹಿಡಿದು ಅದರ ಹಿಂದೆ ನಡೆಯುತ್ತಿದ್ದರು. ನೇಪಲ್ಸ್ ಬಳಿಯ ವೆಸೂವಿಯಸ್ ಅಗ್ನಿಪರ್ವತವು ಆಗ ಇನ್ನೂ ಜೀವಂತವಾಗಿ ಹೊಗೆಯುಗುಳುತ್ತಿತ್ತು. 1821ರಲ್ಲಿ ಅವರು ಜೊತೆಗಾರರೊಡನೆ ಅದನ್ನೂ ಕಾಲ್ನಡಿಗೆಯಲ್ಲಿ ಏರಿದರು. ಈ ಪ್ರವಾಸದ ಒಂದು ಭಾಗದಲ್ಲಿ ಅವರ ಜೊತೆಯಾದ ಗೆಳೆಯರೊಬ್ಬರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಕಣ್ಣಿಲ್ಲದವರು ಮತ್ತು ಕಿವಿ ಕೇಳದವರು ಸೇರಿ ಇಟಲಿಯಿಂದ ಹಾಲೆಂಡಿನವರೆಗೆ ಸಾಗಿದರು. ಒಬ್ಬರು ಕಂಡದ್ದನ್ನು ಹೇಳುವುದು, ಮತ್ತೊಬ್ಬರು ಕೇಳಿದ್ದನ್ನು ತಿಳಿಸುವುದು. ನಮ್ಮ ಅರ್ಜಿ ನಮೂನೆಗಳಲ್ಲಿ ಇವೆರಡೂ ಬೇರೆ ಬೇರೆ ಕಾಲಂಗಳು. ಗಾಡಿಯೊಳಗೆ ಹಾಗಿರಲಿಲ್ಲ.

ಅಣಸು ಹಾಕಿದ ಕೋಲು ಏನು ಮಾಡುತ್ತಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ. ಕಬ್ಬಿಣದ ತುದಿಯು ಕಲ್ಲು ಹಾಸಿನ ಮೇಲೆ ಬಿದ್ದಾಗ ಚುರುಕಾದ, ಗಿಡ್ಡನೆಯ ಸದ್ದು ಹೊರಡುತ್ತದೆ. ಆ ಸದ್ದು ಎಲ್ಲ ದಿಕ್ಕಿಗೂ ಹರಡಿ, ಎದುರಾದ ವಸ್ತುಗಳಿಗೆ ತಾಗಿ ಹಿಂದಿರುಗುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರಲು ಅದಕ್ಕೆ ಸೆಕೆಂಡಿನ ಸಾವಿರದ ಆರು ಪಾಲು ಸಾಕು. ಇಷ್ಟು ಅಲ್ಪಾವಧಿಯಲ್ಲಿ ಮರಳಿದ ಮಾರ್ದನಿಯು ಬೇರೆ ಸದ್ದೆಂದು ಕೇಳಿಸುವುದಿಲ್ಲ. ಮೂಲ ಸದ್ದಿನೊಡನೆ ಬೆರೆತು ಅದರ ಬಣ್ಣವನ್ನು ಬದಲಿಸುತ್ತದೆ. ಚಿರೆಕಲ್ಲಿನ ಗೋಡೆಯ ಪಕ್ಕದಲ್ಲಿ ಕೋಲು ತಟ್ಟಿದಾಗಿನ ಸದ್ದೇ ಬೇರೆ, ಅಡಿಕೆ ತೋಟದ ಬೇಲಿಯ ಪಕ್ಕದಲ್ಲಿ ತಟ್ಟಿದಾಗಿನ ಸದ್ದೇ ಬೇರೆ. ಗೋಡೆಯ ನಡುವೆ ಬಾಗಿಲು ತೆರೆದಿದ್ದರೆ ಅಲ್ಲಿ ಮಾರ್ದನಿ ಸೋರಿಹೋಗುತ್ತದೆ, ಆ ಸ್ಥಳ ಖಾಲಿ ಎಂದು ತಿಳಿಯುತ್ತದೆ. ತಗಡಿನ ಚಾವಣಿಯ ಕೆಳಗೆ ಬಂದೊಡನೆ ಸದ್ದು ತುಂಬಿಕೊಳ್ಳುತ್ತದೆ, ಹೊರಗೆ ಕಾಲಿಟ್ಟೊಡನೆ ಹಗುರಾಗುತ್ತದೆ.

ದಿಕ್ಕನ್ನು ತಿಳಿಯುವ ಬಗೆ ಇನ್ನೂ ಸೂಕ್ಷ್ಮವಾದುದು. ಬಲಗಡೆಯಿಂದ ಬಂದ ಸದ್ದು ಬಲಗಿವಿಗೆ ಮೊದಲು ತಲುಪುತ್ತದೆ, ಎಡಗಿವಿಗೆ ತುಸು ತಡವಾಗಿ ತಲುಪುತ್ತದೆ. ತಲೆಯ ಅಡ್ಡದಿಂದಾಗಿ ಎಡಗಿವಿಗೆ ಅದು ಕೊಂಚ ಕ್ಷೀಣವಾಗಿಯೂ ಕೇಳುತ್ತದೆ. ಕಾಲದ ಈ ಅಂತರ ಅತಿ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಮಿದುಳು ಎರಡು ಕಿವಿಗಳ ಲೆಕ್ಕವನ್ನು ಕ್ಷಣಮಾತ್ರದಲ್ಲಿ ತಾಳೆ ನೋಡಿ ವ್ಯತ್ಯಾಸದಿಂದ ದಿಕ್ಕನ್ನು ನಿರ್ಣಯಿಸುತ್ತದೆ. ಇಂತಹ ತಾಳೆಪಟ್ಟಿಯನ್ನು ಯಾವ ಕಚೇರಿಯೂ ಇಷ್ಟು ಬೇಗ ಸಿದ್ಧಪಡಿಸಲಾರದು. ಈ ಶಕ್ತಿ ಅಂಧರಿಗೆ ಮಾತ್ರ ಇರುವುದೆಂಬ ಭಾವನೆ ಸರಿಯಲ್ಲ. ಕಣ್ಣುಳ್ಳವರಿಗೂ ಇದೆ, ಅವರು ಬಳಸುವುದಿಲ್ಲ ಅಷ್ಟೆ. ಕಣ್ಣು ಹೋದೊಡನೆ ಕಿವಿ ತಾನೇ ತಾನಾಗಿ ಚುರುಕಾಗುವುದೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಅದು ಅಭ್ಯಾಸದಿಂದ ಬರುವ ವಿದ್ಯೆ, ಈಜಿನಂತೆ.

ಹೋಲ್ಮನ್ ಅವರ ಕಾಲದಲ್ಲಿ ಇದರ ಶಾಸ್ತ್ರ ಯಾರಿಗೂ ತಿಳಿದಿರಲಿಲ್ಲ. ಅಂಧರು ಅಡೆತಡೆಗಳನ್ನು ಮುಖದ ಚರ್ಮಕ್ಕೆ ತಾಗುವ ಗಾಳಿಯಿಂದ ಅರಿಯುತ್ತಾರೆಂದು ಫ್ರಾನ್ಸಿನ ತತ್ತ್ವಜ್ಞಾನಿ ದಿದರೋ ಅವರು 1749ರಲ್ಲಿ ಊಹಿಸಿದ್ದರು. ಅನೇಕ ಅಂಧರೂ ತಮ್ಮ ಅನುಭವ ಹಾಗೆಯೇ ಎಂದು ಭಾವಿಸಿದ್ದರು. ಸುಮಾರು ಇನ್ನೂರು ವರ್ಷಗಳ ತರುವಾಯ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಈ ವಿಷಯ ಇತ್ಯರ್ಥವಾಯಿತು. ಸ್ವತಃ ಅಂಧರಾಗಿದ್ದ ಮೈಕೇಲ್ ಸೂಪಾ ಎಂಬ ಸಂಶೋಧಕರು ಸಹೋದ್ಯೋಗಿಗಳೊಡನೆ ನಡೆಸಿದ ಪ್ರಯೋಗಗಳ ವರದಿ 1944ರಲ್ಲಿ ಪ್ರಕಟವಾಯಿತು. ಅಂಧರನ್ನೂ ಕಣ್ಣಿಗೆ ಪಟ್ಟಿ ಕಟ್ಟಿದವರನ್ನೂ ಗೋಡೆಯತ್ತ ನಡೆಸಲಾಯಿತು. ಮುಖವನ್ನು ದಪ್ಪ ಬಟ್ಟೆಯಿಂದ ಮುಚ್ಚಿದಾಗಲೂ ಅವರು ಗೋಡೆಯನ್ನು ಮುಂಚಿತವಾಗಿ ಅರಿತು ನಿಂತರು. ಕಿವಿಗಳನ್ನು ಮುಚ್ಚಿದಾಗ ಗೋಡೆಗೆ ಹೋಗಿ ಡಿಕ್ಕಿ ಹೊಡೆದರು. ಚಪ್ಪಡಿಯ ಮೇಲೆ ಬೂಟುಗಾಲಿನಲ್ಲಿ ನಡೆದಾಗ ಚೆನ್ನಾಗಿ ಅರಿತವರು ಜಮಖಾನೆಯ ಮೇಲೆ ಬರಿಯ ಕಾಲುಚೀಲದಲ್ಲಿ ನಡೆದಾಗ ತಡವರಿಸಿದರು. ಅದೇ 1944ರಲ್ಲಿ ಬಾವಲಿಗಳ ಬಗ್ಗೆ ಸಂಶೋಧನೆ ನಡೆಸಿದ್ದ ಡೊನಾಲ್ಡ್ ಗ್ರಿಫಿನ್ ಅವರು ಬಾವಲಿ, ಅಂಧ ಮನುಷ್ಯ ಮತ್ತು ರಾಡಾರ್ ಯಂತ್ರ ಮೂರಕ್ಕೂ ತತ್ತ್ವ ಒಂದೇ ಎಂದು ತೋರಿಸಿ ಈ ಕ್ರಿಯೆಗೆ ಎಕೋಲೊಕೇಶನ್ ಎಂಬ ಹೆಸರನ್ನಿತ್ತರು. ಹೋಲ್ಮನ್ ಅವರು ಹೆಸರಿಲ್ಲದ ವಿದ್ಯೆಯನ್ನು ಹೆಸರಿಡುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಬಳಸುತ್ತಿದ್ದರು.

ಮೊದಲನೆಯ ಪ್ರವಾಸದ ಗ್ರಂಥ 1822ರಲ್ಲಿ ಪ್ರಕಟವಾಯಿತು. ಅಂಧರಾಗಿ ಅವರು ಬರೆಯುತ್ತಿದ್ದುದು ಹೇಗೆಂದರೆ, ರಾಲ್ಫ್ ವೆಡ್ಜ್‌ವುಡ್ ಎಂಬುವರು 1806ರಲ್ಲಿ ಪೇಟೆಂಟ್ ಪಡೆದಿದ್ದ ನಾಕ್ಟೋಗ್ರಾಫ್ ಎಂಬ ಸಾಧನದ ಸಹಾಯದಿಂದ. ಮರದ ಚೌಕಟ್ಟಿನಲ್ಲಿ ಅಡ್ಡಲಾಗಿ ತಂತಿಗಳನ್ನು ಬಿಗಿದಿರುತ್ತಿದ್ದರು. ತಂತಿಯೇ ಸಾಲಿಗೆ ಗೆರೆ. ಕೆಳಗೆ ಮಸಿ ಹತ್ತಿಸಿದ ಕಾಗದ, ಕೈಯಲ್ಲಿ ಲೋಹದ ಕಡ್ಡಿ. ಕಾರ್ಬನ್ ಕಾಗದದಲ್ಲಿ ಪ್ರತಿ ತೆಗೆದವರಿಗೆ ಇದರ ಕ್ರಮ ಸುಲಭವಾಗಿ ಅರ್ಥವಾಗುತ್ತದೆ. ಬರೆದವರಿಗೆ ತಾವು ಬರೆದುದನ್ನು ಮರಳಿ ಓದಲಾಗದೆಂಬುದೊಂದೇ ಕೊರತೆ.

1822ರ ಬೇಸಿಗೆಯಲ್ಲಿ ಅವರು ಮತ್ತೆ ಹೊರಟರು. ಈ ಬಾರಿ ಉದ್ದೇಶವನ್ನು ಬಹುಮಂದಿಗೆ ತಿಳಿಸಿರಲಿಲ್ಲ. ರಷ್ಯಾ ದೇಶದ ಮೂಲಕ ಪೂರ್ವಕ್ಕೆ ಸಾಗಿ ಭೂಪ್ರದಕ್ಷಿಣೆ ಮಾಡುವುದು ಅವರ ಸಂಕಲ್ಪವಾಗಿತ್ತು. ಸೇಂಟ್ ಪೀಟರ್ಸ್‌ಬರ್ಗ್, ಮಾಸ್ಕೋ ದಾಟಿ, ಸೈಬೀರಿಯದ ಉದ್ದಕ್ಕೂ ಗಾಡಿಯಲ್ಲಿ ಸಾವಿರಾರು ಮೈಲಿ ಒಬ್ಬರೇ ಸಾಗಿ 1823ರಲ್ಲಿ ಇರ್ಕುಟ್ಸ್ಕ್ ಪಟ್ಟಣವನ್ನು ಮುಟ್ಟಿದರು. ಅಂಧನೊಬ್ಬ ಏನನ್ನು ನೋಡಲು ಇಲ್ಲಿಯವರೆಗೆ ಬಂದಿರಬಹುದೆಂಬ ಸಂಶಯ ರಷ್ಯಾದ ಚಕ್ರವರ್ತಿಯ ಆಡಳಿತಕ್ಕೆ ಬಂದಿತು. ಅವರು ಗೂಢಚಾರರಿರಬೇಕೆಂದು ತರ್ಕಿಸಿ, ರಾಜಧಾನಿಯಿಂದ ಅಧಿಕಾರಿಯೊಬ್ಬರನ್ನು ಕಳುಹಿಸಲಾಯಿತು. 1824ರ ಆರಂಭದ ಕಡು ಚಳಿಗಾಲದಲ್ಲಿ ಹೋಲ್ಮನ್ ಅವರನ್ನು ಜಾರುಬಂಡಿಯಲ್ಲಿ ಕೂರಿಸಿ, ಬಂದ ದಾರಿಯುದ್ದಕ್ಕೂ ಹಿಂದಕ್ಕೆ ಕರೆತಂದು ಪೋಲೆಂಡಿನ ಗಡಿಯಲ್ಲಿ ಬಿಡಲಾಯಿತು. ಹೊಸ ಹಿಮ ಹತ್ತಿಯಂತೆ ಸದ್ದನ್ನು ನುಂಗುತ್ತದೆ. ಅದರ ಮೇಲೆ ಕೋಲು ತಟ್ಟಿದರೆ ಮಾರ್ದನಿ ಇಲ್ಲ. ಕಣ್ಣುಳ್ಳವರಿಗೆ ಮಂಜು ಹೇಗೋ ಕಿವಿಯಿಂದ ನಡೆಯುವವರಿಗೆ ಹಿಮ ಹಾಗೆ. ಗಡೀಪಾರಾದುದಕ್ಕಿಂತ ಆ ಮೌನವೇ ಅವರಿಗೆ ಹೆಚ್ಚು ಭಾರವಾಗಿತ್ತೇನೋ ಎಂದು ಈ ಲೇಖಕನಿಗೆ ಅನಿಸುತ್ತದೆ.

ಮಲೆನಾಡಿನಲ್ಲಿ ಹಿಮವಿಲ್ಲ, ಮಳೆಯಿದೆ. ಆಷಾಢ ಶ್ರಾವಣದ ಜಡಿಮಳೆಯಲ್ಲಿ ತಗಡಿನ ಮಾಡು, ಹಂಚಿನ ಮಾಡು, ಬಿಚ್ಚಿದ ಕೊಡೆ ಎಲ್ಲವೂ ಒಂದೇ ಸಮನೆ ಮೊರೆಯುವಾಗ ಕೋಲಿನ ಸದ್ದು ಅಡಗಿಹೋಗುತ್ತದೆ. ಸಿದ್ದಾಪುರ ತಾಲ್ಲೂಕಿನಲ್ಲಿ ಅಘನಾಶಿನಿ ಧುಮುಕುವ ಉಂಚಳ್ಳಿ ಜಲಪಾತಕ್ಕೆ ಕೆಪ್ಪ ಜೋಗ ಎಂಬ ಹೆಸರೂ ಇದೆ. ಅಲ್ಲಿಯ ಅಬ್ಬರದಲ್ಲಿ ಎಲ್ಲರೂ ಕಿವುಡರೇ ಎಂಬ ಅರ್ಥದಲ್ಲಿ ಹಿರಿಯರು ಇಟ್ಟ ಹೆಸರು ಅದು. ಅಂತಹ ಸ್ಥಳದಲ್ಲಿ ಕಿವಿಯನ್ನು ನೆಚ್ಚಿ ಹೆಜ್ಜೆಯಿಡುವುದು ಸರ್ವಥಾ ಸಲ್ಲದು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಧ್ವನಿವರ್ಧಕಗಳು ಮೊಳಗುವಾಗಲೂ, ಯಲ್ಲಾಪುರದ ಮೂಲಕ ಹಾದುಹೋಗುವ ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಸಾಲು ಗುಡುಗುವಾಗಲೂ ಇದೇ ಪರಿಸ್ಥಿತಿ. ಆದರೆ ಎಲ್ಲ ಸದ್ದೂ ವೈರಿಯಲ್ಲ. ಹಳ್ಳದ ಮೊರೆತ ಒಂದೇ ಕಡೆಯಿಂದ ಕೇಳುತ್ತಿದ್ದರೆ ಸಂಕ ಯಾವ ಕಡೆಗಿದೆ ಎಂಬುದು ದೂರದಿಂದಲೇ ತಿಳಿಯುತ್ತದೆ. ಹಿಟ್ಟಿನ ಗಿರಣಿ, ದೇವಸ್ಥಾನದ ಗಂಟೆ, ಶಾಲೆಯ ಮಕ್ಕಳ ಗಲಾಟೆ, ಇವೆಲ್ಲ ಸ್ಥಿರವಾದ ಗುರುತುಕಲ್ಲುಗಳಂತೆ ಕೆಲಸ ಮಾಡುತ್ತವೆ. ಅಂಗಡಿಯ ಮುಂದೆ ಧ್ವನಿವರ್ಧಕವನ್ನು ಇಟ್ಟವರು ತಮಗರಿವಿಲ್ಲದೆಯೇ ಒಬ್ಬರ ದಾರಿಯನ್ನು ಅಳಿಸುತ್ತಿದ್ದಾರೆಂಬುದನ್ನು ದಯವಿಟ್ಟು ಗಮನಿಸಬೇಕು.

ರಷ್ಯಾ ಪ್ರವಾಸದ ಗ್ರಂಥ 1825ರಲ್ಲಿ ಹೊರಬಂದಿತು. 1826ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು. ಗೌರವದೊಂದಿಗೆ ಕುಹಕವೂ ಬಂದಿತು. ಅದೇ ಕಾಲದಲ್ಲಿ ಸೈಬೀರಿಯವನ್ನು ಕಾಲ್ನಡಿಗೆಯಲ್ಲಿ ಸುತ್ತಿದ್ದ ಜಾನ್ ಕಾಕ್ರೇನ್ ಎಂಬ ಮತ್ತೊಬ್ಬ ನೌಕಾಧಿಕಾರಿ, ಅಂಧನ ಪ್ರವಾಸ ಕಥನಕ್ಕೆ ಬೆಲೆಯೇನೆಂಬ ಧಾಟಿಯಲ್ಲಿ ಬರೆದರು. ಹೋಲ್ಮನ್ ಅವರ ಗ್ರಂಥಗಳನ್ನು ನೋಡಿದವರಿಗೆ ಈ ಆಕ್ಷೇಪ ನಿಲ್ಲುವುದಿಲ್ಲವೆಂದು ತೋರುತ್ತದೆ. ಕಣ್ಣುಳ್ಳ ಪ್ರವಾಸಿ ನೋಡಿದ್ದರಿಂದಲೇ ತೃಪ್ತನಾಗಿ ಮುಂದೆ ಹೋಗುತ್ತಾನೆ. ಹೋಲ್ಮನ್ ಅವರು ಪ್ರತಿಯೊಂದನ್ನೂ ಕೇಳಿ, ಮುಟ್ಟಿ, ಇಬ್ಬರು ಮೂವರ ಬಳಿ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕಾಗಿತ್ತು. ಚಾರ್ಲ್ಸ್ ಡಾರ್ವಿನ್ ಅವರಂತಹ ವಿಜ್ಞಾನಿಯೂ ಬೀಗಲ್ ನೌಕೆಯ ಪ್ರವಾಸದ ತಮ್ಮ ಗ್ರಂಥದಲ್ಲಿ, ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಿಗೆ ಅಲೆಗಳು ಹೊತ್ತು ತಂದ ಬೀಜಗಳ ಕುರಿತು ಹೋಲ್ಮನ್ ಅವರ ಗ್ರಂಥವನ್ನು ಆಧಾರವಾಗಿ ಹೆಸರಿಸಿದ್ದಾರೆ.

ಭೂಪ್ರದಕ್ಷಿಣೆಯ ಸಂಕಲ್ಪ 1827ರಲ್ಲಿ ಮತ್ತೆ ಆರಂಭವಾಗಿ 1832ರಲ್ಲಿ ಪೂರ್ಣಗೊಂಡಿತು. ಗುಲಾಮರ ವ್ಯಾಪಾರವನ್ನು ತಡೆಯಲು ಪಶ್ಚಿಮ ಆಫ್ರಿಕದ ಫರ್ನಾಂಡೊ ಪೊ ದ್ವೀಪದಲ್ಲಿ ನೆಲೆಯೊಂದನ್ನು ಸ್ಥಾಪಿಸಲು ಹೊರಟಿದ್ದ ಈಡನ್ ಎಂಬ ಹಡಗನ್ನು ಅವರು ಹತ್ತಿದರು. ಅಲ್ಲಿ ಜ್ವರಕ್ಕೆ ತುತ್ತಾಗಿ ಹಡಗಿನ ಬಹುಮಂದಿ ಮೃತಪಟ್ಟರು. ಹೋಲ್ಮನ್ ಅವರು ಬದುಕುಳಿದರು. ಅಲ್ಲಿಂದ ಬ್ರೆಜಿಲ್, ದಕ್ಷಿಣ ಆಫ್ರಿಕ, ಮಾರಿಷಸ್, ಶ್ರೀಲಂಕಾ, ಭಾರತ, ಚೀನಾ, ಆಸ್ಟ್ರೇಲಿಯ ದೇಶಗಳನ್ನು ಹಾದು ಇಂಗ್ಲೆಂಡಿಗೆ ಮರಳಿದರು. ನಾಲ್ಕು ಸಂಪುಟಗಳ ಗ್ರಂಥ 1834–35ರಲ್ಲಿ ಪ್ರಕಟವಾಯಿತು. ಇದೆಲ್ಲವೂ ನಡೆದುದು ಉಗಿಹಡಗು, ರೈಲುಗಳು ಸಾಮಾನ್ಯವಾಗುವುದಕ್ಕೆ ಮೊದಲು, ನಿವೃತ್ತ ಲೆಫ್ಟಿನೆಂಟನ ಅರ್ಧ ವೇತನ ಮತ್ತು ವಿಂಡ್ಸರ್‌ನ ಭತ್ಯೆಯ ಮೇಲೆ. ಅವರು ಜೀವಮಾನದಲ್ಲಿ ಕ್ರಮಿಸಿದ ದೂರ ಎರಡೂವರೆ ಲಕ್ಷ ಮೈಲಿಗಳಷ್ಟು ಎಂದು ಚರಿತ್ರಕಾರರು ಅಂದಾಜಿಸಿದ್ದಾರೆ.

ಆದರೆ ವಿಂಡ್ಸರ್‌ನ ಷರತ್ತು ಹಾಗೆಯೇ ಉಳಿದಿತ್ತು. ಪ್ರತಿ ಪ್ರವಾಸಕ್ಕೂ ರಜೆ ಬೇಕಾಗಿತ್ತು. ಆರೋಗ್ಯ ಸರಿಯಿಲ್ಲವೆಂದು ರಜೆ ಪಡೆದವರು ಸೈಬೀರಿಯಕ್ಕೆ ಹೋಗಿಬಂದುದನ್ನು ಸಂಸ್ಥೆಯ ಆಡಳಿತಗಾರರು ಹೇಗೆ ಸ್ವೀಕರಿಸಿರಬಹುದೆಂಬುದನ್ನು ಯಾವ ಕಚೇರಿಯಲ್ಲಿಯೇ ಆಗಲಿ ಕೆಲಸ ಮಾಡಿದವರು ಊಹಿಸಬಲ್ಲರು. ಒಂದು ದೃಷ್ಟಿಯಿಂದ ಆಡಳಿತಗಾರರದು ತಪ್ಪಲ್ಲ. ನಿಯಮ ಬರೆದಿರುವಂತೆ ಅವರು ನಡೆದರು. ನಿಯಮ ಬರೆದವರ ಕಲ್ಪನೆಯಲ್ಲಿ ಮಾತ್ರ ಅಂಧನೆಂದರೆ ಕುಳಿತಿರುವವನು ಎಂಬ ಚಿತ್ರವಿದ್ದಿತು. ಪ್ರಯಾಣದಲ್ಲಿ ಅವರ ಆರೋಗ್ಯ ಸುಧಾರಿಸುತ್ತಿದ್ದುದು ನಿಜ, ವಿಂಡ್ಸರ್‌ಗೆ ಬಂದೊಡನೆ ಕೆಡುತ್ತಿದ್ದುದೂ ನಿಜ. ಆ ಕಾರಣ ನಮೂದಿಸಲು ನಮೂನೆಯಲ್ಲಿ ಸ್ಥಳವಿರಲಿಲ್ಲ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸಮುದಾಯದ ನಡುವೆ ಬದುಕುವುದನ್ನೂ ಸ್ವತಂತ್ರವಾಗಿ ಸಂಚರಿಸುವುದನ್ನೂ ಹಕ್ಕಿನ ವಿಷಯವಾಗಿ ಪರಿಗಣಿಸಿದೆ. ಅಂದಿನ ಷರತ್ತಿನೊಡನೆ ಇದನ್ನು ಹೋಲಿಸಿದಾಗ ಎರಡು ಶತಮಾನಗಳಲ್ಲಿ ಆದ ಬದಲಾವಣೆ ತಿಳಿಯುತ್ತದೆ.

1840ರಿಂದ 1846ರವರೆಗೆ ಅವರು ಪೋರ್ಚುಗಲ್, ಸ್ಪೇನ್, ಅಲ್ಜೀರಿಯ, ಈಜಿಪ್ಟ್, ಸಿರಿಯ, ಪ್ಯಾಲೆಸ್ತೀನ್ ಮುಂತಾದ ಪ್ರದೇಶಗಳಲ್ಲಿ ಸಂಚರಿಸಿದರು. ವಯಸ್ಸು ಅರವತ್ತಾಗಿತ್ತು. ಆ ವೇಳೆಗೆ ಜನ ಅವರನ್ನು ಮರೆಯತೊಡಗಿದ್ದರು. ಕೊನೆಯ ವರ್ಷಗಳಲ್ಲಿ ಲಂಡನ್ನಿನಲ್ಲಿ ಉಳಿದು ತಮ್ಮ ಆತ್ಮಕಥೆಯನ್ನು ಬರೆದು ಮುಗಿಸಿದರು. 1857ರ ಜುಲೈ ತಿಂಗಳಿನಲ್ಲಿ ನಿಧನರಾದರು. ಆತ್ಮಕಥೆ ಅಚ್ಚಾಗಲಿಲ್ಲ. ಹಸ್ತಪ್ರತಿಯೂ ಕೈಗೆ ಸಿಗದಂತಾಯಿತು.

ಅವರ ತರುವಾಯ ಕೋಲು ಬಹಳ ಬದಲಾಗಿದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅಪಘಾತದಿಂದ ದೃಷ್ಟಿ ಕಳೆದುಕೊಂಡ ಜೇಮ್ಸ್ ಬಿಗ್ಸ್ ಎಂಬುವರು 1921ರಲ್ಲಿ ವಾಹನ ಚಾಲಕರಿಗೆ ಕಾಣಲೆಂದು ತಮ್ಮ ಕೋಲಿಗೆ ಬಿಳಿ ಬಣ್ಣ ಬಳಿದರು. ಎರಡನೆಯ ಮಹಾಯುದ್ಧದಲ್ಲಿ ಅಂಧರಾದ ಸೈನಿಕರಿಗಾಗಿ ಅಮೆರಿಕದ ರಿಚರ್ಡ್ ಹೂವರ್ ಅವರು ಉದ್ದನೆಯ ಹಗುರ ಕೋಲನ್ನೂ ಅದನ್ನು ಎಡಬಲಕ್ಕೆ ಬೀಸುತ್ತಾ ನಡೆಯುವ ಕ್ರಮವನ್ನೂ ರೂಪಿಸಿದರು. ಇಂದಿಗೂ ಕಲಿಸುವುದು ಆ ಕ್ರಮವನ್ನೇ. ದೆಹಲಿಯ ಐಐಟಿಯಲ್ಲಿ ರೂಪುಗೊಂಡು 2014ರಲ್ಲಿ ಬಿಡುಗಡೆಯಾದ ಸ್ಮಾರ್ಟ್‌ಕೇನ್ ಎಂಬ ಸಾಧನವು ಬಾವಲಿಯಂತೆ ಕಿವಿಗೆ ಕೇಳಿಸದ ತರಂಗಗಳನ್ನು ಕಳುಹಿಸಿ, ಮೊಣಕಾಲಿನಿಂದ ಮೇಲಿರುವ ಅಡ್ಡಿಗಳನ್ನು ಹಿಡಿಯ ಕಂಪನದ ಮೂಲಕ ತಿಳಿಸುತ್ತದೆ. ನಿಂತ ಲಾರಿಯ ಹಿಂಬದಿ, ಜೋತುಬಿದ್ದ ಕೊಂಬೆ, ಅಂಗಡಿಯ ನಾಮಫಲಕ ಇವು ನೆಲದ ಮೇಲಿನ ಕೋಲಿಗೆ ಸಿಗದೆ ಹಣೆಗೆ ಬಡಿಯುವ ವಸ್ತುಗಳಾದುದರಿಂದ ಇದರ ಪ್ರಯೋಜನ ದೊಡ್ಡದು.

ಮೊಬೈಲ್ ಫೋನುಗಳು ಬಂದ ಮೇಲೆ ದಿಕ್ಕುಳ್ಳ ಸದ್ದನ್ನೇ ದಾರಿದೀಪವಾಗಿ ಬಳಸುವ ಪ್ರಯತ್ನಗಳೂ ನಡೆದವು. ಮೈಕ್ರೋಸಾಫ್ಟ್ ಸಂಸ್ಥೆ 2018ರಲ್ಲಿ ಬಿಡುಗಡೆ ಮಾಡಿದ ಸೌಂಡ್‌ಸ್ಕೇಪ್ ಎಂಬ ತಂತ್ರಾಂಶದಲ್ಲಿ, ಹೋಗಬೇಕಾದ ಸ್ಥಳದಿಂದಲೇ ಸದ್ದು ಬರುತ್ತಿರುವಂತೆ ಎರಡು ಕಿವಿಗಳಿಗೂ ಲೆಕ್ಕ ಹಾಕಿ ಕೇಳಿಸಲಾಗುತ್ತಿತ್ತು. ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ ಎಂದು ಆಜ್ಞಾಪಿಸುವ ಬದಲು, ಬಸ್ ನಿಲ್ದಾಣ ಅಲ್ಲಿ ಇದೆ ಎಂದು ಸದ್ದೇ ತೋರಿಸುತ್ತಿತ್ತು. ದಾರಿಯನ್ನು ಆರಿಸುವುದು ನಡೆಯುವವರಿಗೇ ಬಿಟ್ಟದ್ದು. 2023ರಲ್ಲಿ ಸಂಸ್ಥೆ ಅದನ್ನು ನಿಲ್ಲಿಸಿ, ಬಯಸಿದವರು ಮುಂದುವರಿಸಲೆಂದು ಅದರ ಮೂಲ ಸಂಕೇತವನ್ನು ಮುಕ್ತಗೊಳಿಸಿತು. ಇಂತಹ ತಂತ್ರಾಂಶ ಬಳಸುವವರು ಕಿವಿಯನ್ನು ಮುಚ್ಚುವ ಇಯರ್‌ಫೋನ್‌ಗಳನ್ನು ಉಪಯೋಗಿಸಬಾರದು. ಹೊರಗಿನ ಸದ್ದೇ ಕೇಳದಿದ್ದರೆ ಕಾರ್ನೆಲ್‌ನಲ್ಲಿ ಆದಂತೆಯೇ ಆಗುತ್ತದೆ. ಸದ್ದಿಲ್ಲದೆ ಹರಿದುಬರುವ ಬ್ಯಾಟರಿ ಸ್ಕೂಟರುಗಳ ಬಗ್ಗೆಯೂ ಎಚ್ಚರ ಅಗತ್ಯ. ಸವಾರರು ಬಿಳಿ ಕೋಲನ್ನು ಕಂಡೊಡನೆ ವೇಗ ತಗ್ಗಿಸಿ ಒಂದು ಮಾತನ್ನಾಡಿದರೆ ಸಾಕು.

ಅರ್ಜಿದಾರರ ಗಮನಕ್ಕೆ ಕೊನೆಯದಾಗಿ ಒಂದೆರಡು ವಿಷಯಗಳು. ಕೋಲಿನ ಉದ್ದ ಬಳಸುವವರ ಎತ್ತರಕ್ಕೆ ತಕ್ಕುದಾಗಿರಬೇಕು. ನೆಲಕ್ಕೆ ಊರಿ ನಿಲ್ಲಿಸಿದಾಗ ಅದು ಸಾಮಾನ್ಯವಾಗಿ ಎದೆಯ ಮಟ್ಟಕ್ಕೆ ಬರಬೇಕು. ಆದುದರಿಂದ ಸಾಧ್ಯವಾದಷ್ಟೂ ಅರ್ಜಿದಾರರೇ ಬಂದು ಹಿಡಿದು ನೋಡಿ ಪಡೆಯುವುದು ಸೂಕ್ತ. ತುದಿಯ ಟೋಪಿ ಸವೆದು ಸದ್ದು ಮಂದವಾದರೆ ಅದನ್ನು ಬದಲಾಯಿಸಿಕೊಳ್ಳಬೇಕು. ಬೀಸಿ ನಡೆಯುವ ಅಭ್ಯಾಸವನ್ನು ಪರಿಚಿತವಾದ ಅಂಗಳದಲ್ಲಿ, ಮಳೆಯಿಲ್ಲದ ದಿನ, ಒಬ್ಬರನ್ನು ಜೊತೆಗಿಟ್ಟುಕೊಂಡು ಆರಂಭಿಸಬಹುದು. ಗೋಡೆಯ ಬಳಿ ಒಮ್ಮೆ, ಬಯಲಿನಲ್ಲಿ ಒಮ್ಮೆ ತಟ್ಟಿ, ಸದ್ದಿನ ವ್ಯತ್ಯಾಸವನ್ನು ಕೇಳುವುದೇ ಮೊದಲ ಪಾಠ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಅರ್ಜಿಯ ಬಗ್ಗೆ ಹಾಗೂ ತರಬೇತಿಯ ಬಗ್ಗೆ ವಿಚಾರಿಸಬಹುದು. ಜೊತೆಗೆ ಬರುವವರು ಅಂಧರ ಕೈಹಿಡಿದು ಎಳೆಯದೆ, ತಮ್ಮ ಮೊಣಕೈಯನ್ನು ಅವರಿಗೆ ಹಿಡಿಯಲು ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯತಕ್ಕದ್ದು. ಆಗ ಅವರ ಇನ್ನೊಂದು ಕೈ ಕೋಲಿಗೆ ಬಿಡುವಾಗಿರುತ್ತದೆ.